ಕೊನೆಯ ಹನ್ನೊಂದು ಹಾಳೆ

"ಕೊಲೆಗಾರನನ್ನ ತೆಗೆದುಬಿಡಿ," ಎಂದರು ಪ್ರಕಾಶಕರು. "ಆಮೇಲೆ ನೋಡಿ, ಇದು ಸಾಹಿತ್ಯ ಆಗುತ್ತೆ."

ಇಸ್ತ್ರಿಯವಳು ಮೇಜಿನ ಮೇಲಿದ್ದ ತನ್ನ ಹಸ್ತಪ್ರತಿಯನ್ನೇ ನೋಡುತ್ತಿದ್ದಳು. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಒಂಬತ್ತು ವರ್ಷ ಇಸ್ತ್ರಿ ಯಂತ್ರದ ಮುಂದೆ ನಿಂತವಳು. ಮೊಣಕೈವರೆಗೂ ಸುಟ್ಟ ಕಲೆ. ಬರೆದದ್ದು ಪತ್ತೇದಾರಿ ಕಾದಂಬರಿ. ಲಾಂಡ್ರಿಯೊಂದರಲ್ಲಿ ಬಾಯ್ಲರ್ ಸಿಡಿದು ಹೆಂಗಸೊಬ್ಬಳು ಸಾಯುತ್ತಾಳೆ. ಎಲ್ಲರೂ ಅಪಘಾತ ಅನ್ನುತ್ತಾರೆ, ಒಬ್ಬಳು ಮಾತ್ರ ನಂಬುವುದಿಲ್ಲ.

"ಆ ಹಬೆ, ಆ ಹೆಂಗಸರ ಬಾಯಿ, ಎಲ್ಲಾ ಅದ್ಭುತ. ಕೊನೆಗೆ ಪೊಲೀಸು, ಕೋಳ ಅಂತ ಬಸ್ ಸ್ಟ್ಯಾಂಡ್ ಪುಸ್ತಕ ಮಾಡಿಬಿಟ್ರಿ. ಅದೂ ಅಲ್ಲದೆ, ಬಾಯ್ಲರಿನ ಹಬೆ ಬಿಡೋ ಸೇಫ್ಟಿ ವಾಲ್ವ್ ಕಟ್ಟಿಹಾಕಿಸಿದ್ದು ಮ್ಯಾನೇಜರ್ರೇ ಅಂತ ಎರಡನೇ ಅಧ್ಯಾಯಕ್ಕೇ ಗೊತ್ತಾಗುತ್ತಲ್ಲಮ್ಮ, ಇನ್ನೇನು ಕುತೂಹಲ? ಆ ಸುಳಿವು ಅಳಿಸಿ. ಕೊನೆಯ ಹನ್ನೊಂದು ಹಾಳೆ ಕಿತ್ತುಹಾಕಿ. ಓದುಗರು ಯೋಚಿಸಲಿ. ಮುಂದಿನ ತಿಂಗಳೇ ಅಚ್ಚು ಹಾಕ್ತೀನಿ."

ಹೆಸರು ಅಚ್ಚಾಗಬೇಕೆಂಬ ಆಸೆ ಅವಳಿಗಿಲ್ಲದಿರಲಿಲ್ಲ. ಮೂರು ಕಡೆ ಚಪ್ಪಲಿ ಸವೆಸಿಯೇ ಇಲ್ಲಿಗೆ ಬಂದಿದ್ದಳು.

"ನಮ್ಮಲ್ಲಿ ಸತ್ತವಳು ನನ್ನ ಪಕ್ಕದ ಯಂತ್ರದವಳು ಸಾರ್. ಯಾರು ಮಾಡಿದ್ದು ಅಂತ ಯಾರೂ ಬಾಯಿ ಬಿಡಲಿಲ್ಲ. ನಾಲ್ಕು ವರ್ಷದಿಂದ ನಾವು ಯೋಚಿಸ್ತಾನೇ ಇದೀವಿ. ಸಾಕಾಗಿದೆ."

"ಜೀವನ ಹಾಗೇ ಅಲ್ವೇನಮ್ಮ? ಯಾರೂ ಸಿಕ್ಕಿಬೀಳಲ್ಲ."

"ಅದನ್ನ ನೋಡೋಕೆ ಪುಸ್ತಕ ಯಾಕೆ? ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಹೋದ್ರೆ ಸಾಕು. ಪತ್ತೇದಾರಿ ಅಂದ್ಮೇಲೆ ಮಾಡಿದವನು ಸಿಕ್ಕಲೇಬೇಕು ಸಾರ್. ಅದು ಓದೋರಿಗೆ ಕೊಟ್ಟ ಮಾತು."

"ಹಾಗಾದ್ರೆ ನನ್ನ ಕೈಲಾಗಲ್ಲ."

"ಬೇಡ ಬಿಡಿ," ಎಂದು ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಎದ್ದಳು.

ಲಾಂಡ್ರಿಯಲ್ಲೊಂದು ಪದ್ಧತಿಯಿತ್ತು. ಯಾವ ಪತ್ತೇದಾರಿ ಪುಸ್ತಕ ಬಂದರೂ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಅದರ ಕೊನೆಯ ಅಧ್ಯಾಯವನ್ನು ಬ್ಲೇಡಿನಲ್ಲಿ ಕೊಯ್ದು ತನ್ನ ಊಟದ ಡಬ್ಬಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಕೊಲೆಗಾರ ಯಾರೆಂದು ಅವಳ ಕಿವಿಯಲ್ಲಿ ಹೇಳಿದ ಮೇಲಷ್ಟೇ ಅದು ಕೈಗೆ. ತಪ್ಪು ಹೇಳಿದವಳಿಗೆ ವಾರವಿಡೀ ಗೇಲಿ.

ಈ ಸಲ ಹನ್ನೊಂದು ಹಾಳೆ ಡಬ್ಬಿಯ ಕೆಳಗೆ ಹೋಯಿತು. ಮಿಕ್ಕಿದ್ದನ್ನು ಇಸ್ತ್ರಿಯವಳು ಹತ್ತು ದಿನ ಊಟದ ವಿರಾಮದಲ್ಲಿ ಓದಿ ಹೇಳಿದಳು. ಹತ್ತನೆಯ ದಿನ ಹದಿನೇಳು ಹೆಂಗಸರು ಸಾಲಾಗಿ ಬಂದು ದೊಡ್ಡಕ್ಕನ ಕಿವಿಗೆ ಬಾಯಿಟ್ಟರು.

"ಇದೆಂಥ ಪತ್ತೇದಾರಿನೇ ಮಾರಾಯ್ತಿ!" ಎಂದಳು ದೊಡ್ಡಕ್ಕ. "ಹದಿನೇಳು ಜನವೂ ಒಬ್ಬನ್ನೇ ಹೇಳಿದ್ರಲ್ಲ. ಗೇಲಿ ಮಾಡೋಕೆ ಒಬ್ಬಳೂ ಸಿಕ್ಕಲಿಲ್ಲ."

ಇಸ್ತ್ರಿಯವಳ ಮುಖ ಇಳಿಯಿತು. ಪ್ರಕಾಶಕರು ಹೇಳಿದ್ದೇ ಸರಿಯಾಯಿತೇ?

"ಯಾರು ಅಂತ ನಮಗೇನು ಗೊತ್ತಿಲ್ವಾ?" ಎಂದಳು ಡ್ರೈಯರಿನವಳು. "ನಾಲ್ಕು ವರ್ಷದಿಂದ ಗೊತ್ತು. ಸಿಕ್ಕಿಬೀಳೋದನ್ನ ನೋಡ್ಬೇಕು ಕಣಕ್ಕ. ಡಬ್ಬಿ ಎತ್ತು!"

ದೊಡ್ಡಕ್ಕ ಡಬ್ಬಿ ಎತ್ತಿದಳು. ಅಷ್ಟರಲ್ಲಿ ಗಾಜಿನ ಕೋಣೆಯ ಬಾಗಿಲು ತೆರೆದು ಮ್ಯಾನೇಜರ್ ಹೊರಬಂದ. ನಾಲ್ಕು ವರ್ಷದ ಹಿಂದೆಯೂ ಆ ಕೋಣೆಯಲ್ಲಿದ್ದವನು ಅವನೇ.

"ಏನದು ಗುಂಪು?"

ಯಾರೂ ಏಳಲಿಲ್ಲ.

"ಕಥೆ ಸಾರ್," ಎಂದಳು ದೊಡ್ಡಕ್ಕ, ಪಕ್ಕದ ಸ್ಟೂಲನ್ನು ಕಾಲಲ್ಲಿ ಅವನತ್ತ ತಳ್ಳುತ್ತ. "ಕೂತ್ಕೊಳ್ಳಿ. ಕೊನೇ ಅಧ್ಯಾಯ."

ಅವನು ಕೂರಲಿಲ್ಲ, ಹೋಗಲೂ ಇಲ್ಲ. ಇಸ್ತ್ರಿಯವಳು ಹನ್ನೊಂದು ಹಾಳೆಗಳನ್ನು ಕೈಗೆತ್ತಿಕೊಂಡು, ಯಂತ್ರಗಳ ಸದ್ದಿಗಿಂತ ಗಟ್ಟಿಯಾಗಿ, ಮೊದಲ ಸಾಲಿನಿಂದ ಶುರುಮಾಡಿದಳು.