ಮೀನಿಗೆ ಕೊಟ್ಟ ಒಳ್ಳೆ ನೀರು

ಹುಣಸೂರಿನ ಲ್ಯಾಬಿನಲ್ಲಿ ಎರಡೂ ತೊಟ್ಟಿಯ ಮೀನು ಸತ್ತು ತೇಲುತ್ತಿದ್ದವು. ಗಣಿಯ ನೀರು ತುಂಬಿದ ತೊಟ್ಟಿಯಲ್ಲಿ ಮಾತ್ರ ಸತ್ತಿದ್ದರೆ ಪರೀಕ್ಷೆ ನಡೆಸುತ್ತಿದ್ದ ಆಶಾರಾಣಿಗೆ ಅಚ್ಚರಿಯಿರಲಿಲ್ಲ. ಆದರೆ ಪಕ್ಕದ್ದು ಒಳ್ಳೆಯ ನೀರಿನ ತೊಟ್ಟಿ. ಅಲ್ಲಿಯ ಮೀನು ಬದುಕಿದರೆ ಮಾತ್ರ ಇಲ್ಲಿಯವು ಗಣಿಯ ನೀರಿನಿಂದ ಸತ್ತವು ಎನ್ನಬಹುದು. ಎರಡೂ ಕಡೆ ಸತ್ತರೆ ಪರೀಕ್ಷೆ ಅಸಿಂಧು.

ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟಾದರೂ ಬರಬಹುದಿತ್ತು, ಅದೂ ಇಲ್ಲ. ಸಣ್ಣ ಬಲೆಯಿಂದ ಒಂದೊಂದೇ ಮೀನನ್ನು ಎತ್ತಿ ತಟ್ಟೆಗೆ ಹಾಕಿದಳು. ಮನಸ್ಸು ಮರಗಟ್ಟಿದ್ದರೂ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

ಕೋಟೆ ತಾಲ್ಲೂಕಿನ ಆ ಗಣಿ ತನ್ನ ಗುಂಡಿಯ ನೀರನ್ನೆಲ್ಲ ಪೈಪು ಹಾಕಿ ಹಳ್ಳಕ್ಕೆ ಬಿಡುತ್ತಿತ್ತು. ಹಳ್ಳ ಹೋಗಿ ಊರ ಕೆರೆಗೆ ಸೇರುತ್ತಿತ್ತು. ಗಣಿಗೆ ಮತ್ತೆ ಅನುಮತಿ ಕೊಡುವ ಸಭೆ ಸೋಮವಾರ. ಪೈಪು ಮುಚ್ಚಿಸಲು ಊರವರ ಕೈಯಲ್ಲಿದ್ದದ್ದು ಈ ಪರೀಕ್ಷೆಯೊಂದೇ. ಮತ್ತೆ ಮಾಡೋಣವೆಂದರೆ ನಾಲ್ಕು ದಿನ ಬೇಕು, ಅಷ್ಟು ದಿನ ಉಳಿದಿರಲಿಲ್ಲ.

ಊರ ಹಿರಿಯ ನಂಜಣ್ಣ ಶನಿವಾರ ಫಲಿತಾಂಶ ಕೇಳಲು ಬಂದ. ವಿಭೂತಿ ಹಚ್ಚಿದ ಹಣೆ, ಮಡಿಸಿದ ಟವೆಲು. ಮೀನು ತಿನ್ನುವುದಿರಲಿ, ಮೀನಿನ ವಾಸನೆಗೂ ಮೂಗು ಮುಚ್ಚುವ ಮನೆತನ ಅವನದು. ತಟ್ಟೆ ನೋಡಿ ಅವನ ಮುಖ ಬಾಡಿತು.

"ನಾನು ಕಳಿಸಿದ್ ನೀರ್ನಾಗೂ ಸತ್ತೋದ್ವಾ ಮೇಡಮ್ಮೋರೆ?"

"ನೀರು ಎಲ್ಲಿಂದ ತಂದ್ರಿ ನಂಜಣ್ಣೋರೆ?"

"ನೀವೇ ಅಲ್ವಾ ಫೋನ್ ಮಾಡಿ, ಮೇಲಿಂದ ಒಂದ್ ಕ್ಯಾನು ಒಳ್ಳೆ ನೀರು ಕಳಿಸಿ ಅಂದಿದ್ದು? ಮೇಲಿನ ಬೀದೀಲಿ ಫಿಲ್ಟರ್ ಐತಲ್ಲ, ಅಲ್ಲೇ ಹಿಡ್ದೆ ಕಣವ್ವ. ಪಾಪ, ಅವೂ ಜೀವ. ಆ ಕಡೆಯವು ಎಂಗೂ ಸಾಯ್ತವೆ, ಈ ಕಡೆಯವಾದ್ರೂ ನಾವ್ ಕುಡಿಯೋ ನೀರ್ನಾಗೆ ಬದುಕ್ಲಿ ಅಂದ್ಕಂಡೆ."

ಮೇಲಿಂದ ಎಂದರೆ ಗಣಿಗಿಂತ ಮೇಲೆ, ಹಳ್ಳ ಹುಟ್ಟುವ ಕಡೆಯಿಂದ ಎಂದು ಅವಳ ಅರ್ಥ. ಅದನ್ನು ಬಿಡಿಸಿ ಹೇಳುವ ವ್ಯವಧಾನ ಅವತ್ತು ಅವಳಿಗಿರಲಿಲ್ಲ. ಓದಿದವರಿಗೆ ತಾವು ಆಡಿದ್ದೆಲ್ಲ ಊರಿಗೇ ಅರ್ಥವಾಯಿತೆಂಬ ಭ್ರಮೆ.

"ಫಿಲ್ಟರ್ ನೀರಲ್ಲಿ ಉಪ್ಪಿನಂಶ ಎಲ್ಲ ಸೋಸಿ ಹೋಗಿರುತ್ತೆ. ಮೀನಿಗೆ ಅದು ಆಗಲ್ಲ," ಎಂದಳು. "ಹಳ್ಳದ ನೀರೇ ಆಗಿದ್ರೆ ಬದುಕ್ತಿದ್ವು."

ನಂಜಣ್ಣ ತಲೆ ತಗ್ಗಿಸಿದ. "ಅಂಗಾದ್ರೆ ಕೊಂದೋನು ನಾನೇ ಅನ್ನಿ."

ಅವಳು ಸಮಾಧಾನದ ಒಂದು ಮಾತಾದರೂ ಆಡಬೇಕಿತ್ತು. ಅದರ ಬದಲು ವರದಿಯಲ್ಲಿ ಅಸಿಂಧು ಎಂದು ಬರೆದು ಸಹಿ ಹಾಕಿದಳು.

ಸೋಮವಾರದ ಸಭೆಯಲ್ಲಿ ಗಣಿಯ ವಕೀಲರು ಆ ಒಂದು ಪದವನ್ನೇ ಹಿಡಿದುಕೊಂಡರು. ಊರವರು ಗುಸುಗುಸು ಶುರುಮಾಡಿದರು. ಲ್ಯಾಬಿನ ಹುಡುಗಿ ಗಣಿಯವರ ಕಡೆ ಸೇರಿಕೊಂಡಳಂತೆ ಎಂದು ಯಾರೋ ಗಟ್ಟಿಯಾಗಿಯೇ ಅಂದರು. ನಂಜಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೈಮುಗಿದ.

"ಆಯಮ್ಮಂದೇನೂ ತಪ್ಪಿಲ್ಲ ಸ್ವಾಮಿ. ಮೀನು ಸತ್ತಿದ್ದು ನನ್ನಿಂದ. ನಾನೇ ಕೊಂದಿದ್ದು."

"ಬರ್ಕೊಳ್ರಿ," ಎಂದರು ಸಭೆ ನಡೆಸುತ್ತಿದ್ದ ಅಧಿಕಾರಿ, ಗುಮಾಸ್ತನ ಕಡೆ ತಿರುಗಿ. "ಮೀನು ಸತ್ತಿದ್ದು ಗ್ರಾಮಸ್ಥರಿಂದ ಅಂತ ಅವರೇ ಒಪ್ಕೊಂಡಿದ್ದಾರೆ."

ಆಶಾರಾಣಿ ಎದ್ದಳು. "ಸಾರ್, ಅವರು ಹೇಳ್ತಿರೋದು ಒಂದು ತೊಟ್ಟಿಯ ಮೀನಿನ ಮಾತು. ಗಣಿ ನೀರಲ್ಲಿ..."

"ಅಸಿಂಧು ಅಂತ ಬರೆದಿರೋರು ನೀವೇ ಅಲ್ವೇನಮ್ಮ? ಕೂತ್ಕೊಳ್ಳಿ."

ಅವಳು ಕೂತಳು. ಅನುಮತಿ ಸಿಕ್ಕಿತು. ಗಣಿಯವರು ಎದ್ದು ಒಬ್ಬರಿಗೊಬ್ಬರು ಕೈಕುಲುಕಿದರು. ಪೈಪಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ನಂಜಣ್ಣ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಅವನಿಗೆ ಪೂರ್ತಿ ತಿಳಿದಂತಿರಲಿಲ್ಲ. ಎದೆಯ ಭಾರ ಇಳಿಸಿಕೊಂಡವನ ಹಾಗೆ ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದ:

"ಸರಿಯಾಗಿ ಹೇಳ್ದೆ ತಾನೆ ಕಣವ್ವ?"

"ಸರಿಯಾಗೇ ಹೇಳಿದ್ರಿ," ಎಂದಳು ಆಶಾರಾಣಿ.