ಚುಕ್ಕೆ ಬಿದ್ದ ಸೊಪ್ಪು

ಸತತ ಮೂರನೇ ವಾರವೂ ವ್ಯಾಪಾರಿ ಪಾಲಕ್ ಕಟ್ಟು ಬಿಚ್ಚಿ, ಎಲೆಯ ಮೇಲಿನ ಕಂದು ಚುಕ್ಕೆಗಳನ್ನು ಉಗುರಿನಿಂದ ಕೆರೆದು ನೋಡಿ, ಬುಟ್ಟಿಯನ್ನು ಅಕ್ಕನತ್ತಲೇ ತಳ್ಳಿದ. ಇಂಥ ಸೊಪ್ಪನ್ನು ಹೋಟೆಲಿನವರು ಮುಟ್ಟಿಯೂ ನೋಡುವುದಿಲ್ಲ ಎಂದ. ಹನ್ನೊಂದು ವರ್ಷದ ವ್ಯಾಪಾರ ಅಲ್ಲಿಗೇ ಮುಗಿಯಿತು.

ಕಾರಣ ಅಕ್ಕನಿಗೆ ಗೊತ್ತಿತ್ತು. ಅವಳ ತೋಟದ ಬೇಲಿಯಾಚೆಗೆ ತಾಮ್ರ ಕರಗಿಸುವ ಕಾರ್ಖಾನೆ. ಅಲ್ಲಿನ ಕುಲುಮೆಯಲ್ಲಿ ದುಡಿಯುತ್ತಿದ್ದವನು ಒಡಹುಟ್ಟಿದ ತಮ್ಮ. ಹೊಗೆ ತೊಳೆಯುವ ಯಂತ್ರವನ್ನು ಕರೆಂಟು ಉಳಿಸಲೆಂದು ಮುಂಜಾನೆ ನಿಲ್ಲಿಸುತ್ತಾರೆಂದು ಒಮ್ಮೆ ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟಿದ್ದ. ಮರುಕ್ಷಣ ಅವಳ ಕೈ ಹಿಡಿದು, ಯಾರಿಗೂ ಹೇಳಬೇಡವೆಂದು ಬೇಡಿಕೊಂಡಿದ್ದ.

ಅದನ್ನು ಬರೆಯದೆಯೇ ಅವಳು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟಳು. ಎರಡು ಪಾತಿಗಳಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿ ಕಾದಳು. ತಪಾಸಣೆಯ ಅಧಿಕಾರಿ ಬಂದಾಗ ಹೊದಿಕೆಯೊಳಗಿನ ಸೊಪ್ಪು ನಳನಳಿಸುತ್ತಿತ್ತು. ಹೊರಗಿನದು ಸಿಡುಬೆದ್ದ ಮುಖದಂತಿತ್ತು.

ಕಾರ್ಖಾನೆಯ ಮ್ಯಾನೇಜರೂ ಬಂದಿದ್ದ. ಅವನ ಬೆನ್ನ ಹಿಂದೆ ತಮ್ಮ ತಲೆ ತಗ್ಗಿಸಿ ನಿಂತಿದ್ದ.

"ಇದೆಲ್ಲ ಹುಳದ ಕಾಟ ಸಾರ್. ನಮ್ ಯಂತ್ರ ಇಪ್ಪತ್ನಾಲ್ಕು ಗಂಟೆ ಓಡುತ್ತೆ. ಬೇಕಿದ್ರೆ ಇವನನ್ನೇ ಕೇಳಿ, ಈಯಮ್ಮನ ಸ್ವಂತ ತಮ್ಮ," ಎಂದ ಮ್ಯಾನೇಜರು.

ಅಧಿಕಾರಿ ಮೊದಲು ಅಕ್ಕನನ್ನೇ ಕೇಳಿದ: ಯಂತ್ರ ನಿಲ್ಲಿಸುತ್ತಾರೆ ಅನ್ನುವುದಕ್ಕೆ ಏನಾದರೂ ಆಧಾರವಿದೆಯೇ?

ಮಾತು ನಾಲಗೆಯ ತುದಿಗೆ ಬಂದಿತ್ತು. ತಮ್ಮನ ಹೆಂಡತಿಗೆ ಏಳು ತಿಂಗಳು. ತನ್ನ ಹೊಟ್ಟೆ ತುಂಬಲು ಅವನ ಅನ್ನಕ್ಕೆ ಕಲ್ಲು ಹಾಕುವುದೇ?

"ಇಲ್ಲ ಸಾರ್. ನಾನು ಕಂಡಿದ್ದು ಎಲೆ ಮಾತ್ರ."

ಅಧಿಕಾರಿ ಫೈಲು ಮುಚ್ಚಿದ. ಮ್ಯಾನೇಜರು ಗೇಟಿನತ್ತ ಹೆಜ್ಜೆ ಇಟ್ಟ. ತಮ್ಮ ಮಾತ್ರ ಕದಲಲಿಲ್ಲ. ಬಾಗಿ ಒಂದು ಎಲೆ ಕಿತ್ತು, ಅದನ್ನೇ ನೋಡುತ್ತ ನಿಂತ.

"ನಿಲ್ಲಿಸ್ತೀವಿ ಸಾರ್," ಎಂದ ಮೆಲ್ಲಗೆ. "ನಾಲ್ಕರಿಂದ ಎಂಟರವರೆಗೆ. ಸ್ವಿಚ್ ಆಫ್ ಮಾಡೋನು ನಾನೇ."

ಅಧಿಕಾರಿ ಮತ್ತೆ ಫೈಲು ತೆರೆದು, ಗಂಟೆ ಎಷ್ಟೆಂದಿರಿ ಎಂದು ಕೇಳಿದ.

ಮಧ್ಯಾಹ್ನದೊಳಗೆ ತಮ್ಮನ ಕೆಲಸ ಹೋಯಿತು. ಯಂತ್ರ ಮುಂಜಾನೆಯೂ ಓಡತೊಡಗಿದ್ದು ಎರಡು ವಾರದ ಮೇಲೆ, ನೋಟಿಸು ಬಂದ ನಂತರ. ಹೊಸ ಸೊಪ್ಪು ಚುಕ್ಕೆಯಿಲ್ಲದೆ ಎದ್ದಿತಾದರೂ ಹಳೆಯ ವ್ಯಾಪಾರಿ ಬೇರೆಯವರನ್ನು ಹಿಡಿದಾಗಿತ್ತು. ಅಕ್ಕ ತಮ್ಮ ಇಬ್ಬರೂ ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತಿದರು. ಬಂದದ್ದು ಮೊದಲಿನ ಅರ್ಧವೂ ಇಲ್ಲ. ಅದರಲ್ಲೇ ಎರಡು ಪಾಲು.

ತಮ್ಮನ ಹೆಂಡತಿ ಹೆರಿಗೆಯಾಗುವವರೆಗೂ ಅಕ್ಕನ ಜೊತೆ ಮಾತಾಡಲಿಲ್ಲ. ಅಕ್ಕ ಅದಕ್ಕೆ ಬೇಸರಪಟ್ಟುಕೊಳ್ಳದೆ, ದಿನವೂ ಒಂದು ಕಟ್ಟು ಎಳೆ ಸೊಪ್ಪನ್ನು ಅವರ ಹೊಸಿಲ ಮೇಲಿಟ್ಟು ಬರುತ್ತಿದ್ದಳು.