ನೀರಿನ ಪಾಳಿ

ಶುಕ್ರವಾರ ಮಧ್ಯಾಹ್ನ ಹಳಿಯಾಳದ ಶಾಲೆಯೊಂದರ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಗ್ಗ, ತಾಡಪತ್ರಿ, ಮಸಿ ಹಿಡಿದ ಪಾತೇಲಿ, ಅಕ್ಕಿ ಚೀಲ. ಬೆಳಗಾದರೆ ಗೈಡ್ಸ್ ದಳದ ಒಂಬತ್ತು ಹುಡುಗಿಯರು ಎರಡು ದಿನದ ಶಿಬಿರಕ್ಕೆ ಕಾಳಿ ಹೊಳೆ ದಂಡೆಯ ಕೋಗಿಲಬನಕ್ಕೆ ಹೊರಡಬೇಕು. ಅವರ ನಾಯಕಿ ಜ್ಯೂಲಿ, ಸಿದ್ದಿ ಬುಡಕಟ್ಟಿನ ಅಂತೋನಿಯ ಮಗಳು. ಹಸಿ ಕಟ್ಟಿಗೆಗೂ ಬೆಂಕಿ ಹಿಡಿಸುವ ಹುಡುಗಿ.

"ಯಾರರ ಉಪ್ಪು ಮರತ್ರ ಕಾಳೀ ಹೊಳ್ಯಾಗ ದಬ್ಬತೇನಿ ನೋಡ್ರಿ!" ಎಂದು ಗದರಿಸಿ ತಾನೇ ನಗುತ್ತಿದ್ದಳು.

ಶಿಬಿರದಲ್ಲಿ ಅಡುಗೆಯವರಿರುವುದಿಲ್ಲ. ಅಡುಗೆ, ನೀರು, ಕಟ್ಟಿಗೆ ಎಲ್ಲ ಹುಡುಗಿಯರದೇ ಪಾಳಿ. ದಳದ ಶಿಕ್ಷಕಿ ಅನ್ನಪೂರ್ಣಾ ಪಾಳಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಮೊದಲ ದಿನದ ಅಡುಗೆ ಜ್ಯೂಲಿಯದು.

ಮಗಳು ಸಹನಾಳಿಗೆ ಹೊದಿಕೆ ಕೊಡಲು ಬಂದ ನೀಲಕ್ಕ ಪಟ್ಟಿ ಓದಿದಳು. ಓದಿದವಳೇ ಶಿಕ್ಷಕಿಯನ್ನು ಬದಿಗೆ ಕರೆದಳು.

"ಹುಡುಗಿ ಚಲೋನ ಐತ್ರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಆಕಿ ಮಾಡಿದ್ದು ನಮ್ಮಾಕಿ ಉಂಡಳಂತ ತಿಳಿದ್ರ ನಮ್ಮ ಅತ್ತಿ ನನ್ನ ಒಲಿ ಮುಂದ ನಿಲ್ಲಗೊಡಂಗಿಲ್ರಿ. ಉಳಿದ ತಾಯಂದಿರೂ ಇದನ್ನ ಅನ್ನಾಕತ್ತಾರ. ನಮ್ಮ ಹುಡುಗ್ಯಾರನ್ನ ಕಳಸಂಗಿಲ್ಲ ನೋಡ್ರಿ."

ಅನ್ನಪೂರ್ಣಾ ಕೆಟ್ಟವರಲ್ಲ. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಇಂಥವರಿಂದಲೇ ಲೋಕದಲ್ಲಿ ಎಷ್ಟೋ ಅನ್ಯಾಯ ಸದ್ದಿಲ್ಲದೆ ನಡೆದುಹೋಗುತ್ತದೆ. ಪೆನ್ನು ತೆಗೆದು ಜ್ಯೂಲಿಯ ಹೆಸರನ್ನು ಅಡುಗೆಯಿಂದ ಹೊಡೆದು, ನೀರಿನ ಪಾಳಿಗೆ ಬರೆದರು.

"ಅಯ್ಯ, ನೀರು ಹಾಕೇ ಅಲ್ಲೇನ್ರಿ ಅನ್ನಾ ಮಾಡೂದು?" ಎಂದಳು ನೀಲಕ್ಕ.

ಅನ್ನಪೂರ್ಣಾ ಮತ್ತೆ ಪೆನ್ನು ಎತ್ತಿದರು. ನೀರನ್ನೂ ಹೊಡೆದರು. ಉಳಿದದ್ದು ಕಟ್ಟಿಗೆ ಒಂದೇ.

ತಿರುಗಿದರೆ ಅಕ್ಕಿ ಚೀಲ ಹೊತ್ತು ಜ್ಯೂಲಿ ನಿಂತಿದ್ದಳು. ಎಲ್ಲವನ್ನೂ ಕಂಡಿದ್ದಳು. ಚೀಲವನ್ನು ಮೆಲ್ಲಗೆ ಇಳಿಸಿ, "ನಾ ಮನೀಗೆ ಹೋಗ್ತೇನ್ರಿ ಟೀಚರ್," ಎಂದು ಹೊರಟುಹೋದಳು.

ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ತಾಯಂದಿರ ಜೊತೆ ಎಂಟೇ ಹುಡುಗಿಯರು ಬಂದರು.

"ಜ್ಯೂಲಿ ಎಲ್ಲಿ, ಟೀಚರ್? ಆಕಿನ್ನ ಬಿಟ್ಟು ಹೆಂಗ ಹೋಗೂಣ್ರಿ? ನಾವು ದಿನಾ ಒಂದ ಡಬ್ಬಿಯೊಳಗ ಉಣ್ತೇವಿ," ಎಂದಳು ಸಹನಾ. ನೀಲಕ್ಕನ ಮುಖ ಕಪ್ಪಿಟ್ಟಿತು.

ಜ್ವರ ಬಂದಿದೆ ಎಂಬ ಸುಳ್ಳು ಅನ್ನಪೂರ್ಣಾರ ನಾಲಿಗೆ ತುದಿಗೇ ಬಂದಿತ್ತು. ಯಾಕೋ ಹೊರಬೀಳಲಿಲ್ಲ.

"ಆಕಿ ಬರದಂಗ ನಾನ ಮಾಡೇನವ್ವಾ. ಕ್ಯಾಂಪ್ ಇಲ್ಲ. ಎಲ್ಲಾರೂ ಮನೀಗೆ ಹೋಗ್ರಿ."

"ಒಬ್ಬಾಕಿ ಸಲುವಾಗಿ ಎಂಟು ಹುಡುಗ್ಯಾರ ಖುಷಿಗೆ ಕಲ್ಲು ಹಾಕಿದ್ರಲ್ರಿ!" ಎಂದು ನೀಲಕ್ಕ ಎಲ್ಲರೆದುರು ಕೂಗಾಡಿ, ಅಳುತ್ತಿದ್ದ ಮಗಳನ್ನು ದರದರ ಎಳೆದುಕೊಂಡು ನಡೆದಳು. ಉಳಿದ ತಾಯಂದಿರೂ ಹೌದು ಹೌದೆಂದರು. ಒಬ್ಬರ ಮನಸ್ಸೂ ಕರಗಲಿಲ್ಲ.

ಅನ್ನಪೂರ್ಣಾ ಅಲ್ಲಿಂದಲೇ ಜ್ಯೂಲಿಯ ಊರಿನ ಬಸ್ಸು ಹತ್ತಿದರು. ಅಂಗಳದಲ್ಲಿ ಬೇಲಿ ಕಟ್ಟುತ್ತಿದ್ದ ಅಂತೋನಿ ಕೈ ಒರೆಸಿಕೊಂಡು ಎದ್ದು ಬಂದ. ಅನ್ನಪೂರ್ಣಾ ನಡೆದದ್ದನ್ನೆಲ್ಲ ಹೇಳಿದರು.

"ಚಲೋ ಆಗ್ಲಿಲ್ರಿ ಅಕ್ಕೋರ," ಎಂದ ಅಂತೋನಿ. "ನಿನ್ನಿ ಒಂದೆರಡು ಮಂದಿ ಆಕಿನ್ನ ಬ್ಯಾಡ ಅಂದಿದ್ರು. ಇವತ್ತು ಕ್ಯಾಂಪ್ ಮುರಿದಾಕಿ ಅಂತ ಊರ ತುಂಬ ಬೈತಾರ. ಸೋಮವಾರ ಹುಡುಗಿ ಸಾಲಿಗೆ ಯಾವ ಮುಖ ಹೊತ್ತು ಹೋಗ್ಬೇಕ್ರಿ?"

ಇದು ಅನ್ನಪೂರ್ಣಾರಿಗೆ ಹೊಳೆದೇ ಇರಲಿಲ್ಲ. ಒಮ್ಮೆ ಮಾಡಿದ್ದು ತಪ್ಪು. ತಿದ್ದಲು ಹೊರಟದ್ದೂ ಅದೇ ಹುಡುಗಿಯ ತಲೆಯ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ಜ್ಯೂಲಿ ಬಂದು ನಿಂತಳು.

"ಸೋಮವಾರ ಪ್ರಾರ್ಥನಾದಾಗ ಎಲ್ಲಾರ ಮುಂದ ಹೇಳ್ತೇನಿ, ತಪ್ಪು ನಂದು ಅಂತ," ಎಂದರು ಅನ್ನಪೂರ್ಣಾ. "ನೀಲಕ್ಕಗೂ ತಿಳಿಸಿ ಹೇಳ್ತೇನಿ. ಮುಂದಿನ ಕ್ಯಾಂಪಿಗೆ ಬರ್ತೀಯಲ್ಲವ್ವಾ?"

"ಇಲ್ರಿ," ಎಂದಳು ಜ್ಯೂಲಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಸುಟ್ಟಿತು. "ನೀಲಕ್ಕಗ ನಾ ಏನೂ ಅನ್ನಂಗಿಲ್ರಿ. ಆಕಿ ನನ್ನ ಟೀಚರ್ ಅಲ್ಲ."

ಅನ್ನಪೂರ್ಣಾ ಕೈ ಜೋಡಿಸಿದರು. "ನಂದ ತಪ್ಪವ್ವಾ."

ಇರಲಿ ಬಿಡ್ರಿ ಎಂದು ಜ್ಯೂಲಿ ಅನ್ನಲಿಲ್ಲ. "ಹೌದ್ರಿ," ಎಂದು ಒಳಗೆ ಹೋದಳು.